ಎರಿ ಹೊಲದ ತುಂಬ ಸುಣ್ಣವಿದ್ದರೂ ಕಾಯಿಗೆ ಕ್ಯಾಲ್ಸಿಯಂ ಯಾಕೆ ಸಿಗುವುದಿಲ್ಲ?

ಢಬ್ಬು ಮೆಣಸಿನಕಾಯಿಯ ತುದಿ ಕಪ್ಪಾಯಿತು, ದಾಳಿಂಬೆ ಬಿರಿಯಿತು, ದ್ರಾಕ್ಷಿ ಪಡದಲ್ಲಿ ಕೆಳಗಿನ ಎಲೆ ಹಳದಿಯಾಯಿತು. ಈ ಮೂರಕ್ಕೂ ಗೊಬ್ಬರದ ಅಂಗಡಿಯಲ್ಲಿ ಈಗ ಸಿಗುವ ಉತ್ತರ ಒಂದೇ: ‘ಕ್ಯಾಲ್-ಮ್ಯಾಗ್ ಬಿಡ್ರಿ’. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಎರಡನ್ನೂ ಸೇರಿಸಿದ ದ್ರವದ ಬಾಟಲಿ ಅದು. ಆದರೆ ಮೂರೂ ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಕಾರಣ ಬಹುತೇಕ ನೀರಿನ ಏರುಪೇರು. ಎರಡನೆಯದರಲ್ಲೂ ದೊಡ್ಡ ಪಾಲು ನೀರಿನದೇ. ಮೂರನೆಯದಕ್ಕೆ ಕಾರಣ ಹೆಚ್ಚಾಗಿ ನೀವೇ ಡ್ರಿಪ್‌ನಲ್ಲಿ ಬಿಟ್ಟ ಪೊಟ್ಯಾಷ್. ಬಾಟಲಿ ತರುವ ಮೊದಲು ಇದನ್ನು ಬಿಡಿಸಿ ನೋಡಿಕೊಂಡರೆ ದುಡ್ಡೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಈ ಜೋಡಿ ಮದ್ದು ಎಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಕೋಣೆಯೊಳಗೆ ದೀಪದ ಬೆಳಕಿನಲ್ಲಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡದಲ್ಲಿ, ಆರ್‌ಒ ಯಂತ್ರದಿಂದ ಬಂದ ನೀರು ಹಾಕಿ ಗಿಡ ಬೆಳೆಸುವವರಿಗೆ ಅದು ಬೇಕೇ ಬೇಕು. ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಗಾಂಜಾ ಗಿಡ ಬೆಳೆಸುವವರು ಇದನ್ನು ಬಳಸುವುದೂ ಇದೇ ಕಾರಣಕ್ಕೆ. (ನಮ್ಮಲ್ಲಿ ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ.) ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಕೋಕೋಪೀಟ್ ತನ್ನಲ್ಲಿರುವ ಪೊಟ್ಯಾಷ್, ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಕೊರತೆ ನಿಜವಾದ ಕೊರತೆ. ವಿಜಯಪುರ, ಬಾಗಲಕೋಟೆಯ ಎರಿ (ಕಪ್ಪು ಮಣ್ಣಿನ) ಹೊಲದ ಸ್ಥಿತಿ ಇದಕ್ಕೆ ಪೂರ್ತಿ ತಿರುವುಮುರುವು.

ಎಕರೆಯಲ್ಲಿ ಐದು ಟನ್, ಚೀಲದಲ್ಲಿ ಒಂದು ಕಿಲೋಗಿಂತ ಕಡಿಮೆ

ಒಂದು ಲೆಕ್ಕ ಹಾಕೋಣ. ಎರಿ ಮಣ್ಣಿನ ಪರೀಕ್ಷೆಯಲ್ಲಿ ವಿನಿಮಯ ಕ್ಯಾಲ್ಸಿಯಂ (ಮಣ್ಣಿನ ಕಣಕ್ಕೆ ಅಂಟಿಕೊಂಡು ಬೇರಿಗೆ ಸಿಗುವಂಥದ್ದು) 100 ಗ್ರಾಂ ಮಣ್ಣಿಗೆ 30 ಮಿಲಿ ಇಕ್ವಿವಲೆಂಟ್ ಬಂತು ಎಂದುಕೊಳ್ಳಿ. ಎರಿ ಮಣ್ಣಿಗೆ ಇದು ಅಪರೂಪದ ಅಂಕಿಯಲ್ಲ. ಒಂದು ಮಿಲಿ ಇಕ್ವಿವಲೆಂಟ್ ಕ್ಯಾಲ್ಸಿಯಂ ಅಂದರೆ 20 ಮಿಲಿಗ್ರಾಂ. ಹಾಗಾಗಿ ಒಂದು ಕಿಲೋ ಮಣ್ಣಿನಲ್ಲಿ 6 ಗ್ರಾಂ ಆಯಿತು. ಎಕರೆಯ ಮೇಲಿನ 15 ಸೆಂ.ಮೀ. ಪದರದ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅಂದರೆ ಎಕರೆಗೆ 5 ಟನ್ ದಾಟಿ ಕ್ಯಾಲ್ಸಿಯಂ ಇದೆ, ಅದೂ ಸುಣ್ಣದ ಹರಳನ್ನು ಬಿಟ್ಟು. ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಬಿಡುವ 5 ಕಿಲೋ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಇರುವುದು 940 ಗ್ರಾಂ.

ನೀರಿನ ಲೆಕ್ಕವನ್ನೂ ಮಾಡಿ. ಬೋರಿನ ನೀರಿನಲ್ಲಿ ಲೀಟರಿಗೆ 80 ಮಿಲಿಗ್ರಾಂ ಕ್ಯಾಲ್ಸಿಯಂ, 40 ಮಿಲಿಗ್ರಾಂ ಮ್ಯಾಗ್ನೀಸಿಯಂ ಇದ್ದು, ದಿನಕ್ಕೆ ಎಕರೆಗೆ 20,000 ಲೀಟರ್ ಕೊಟ್ಟರೆ, ಒಂದೇ ದಿನಕ್ಕೆ 1.6 ಕಿಲೋ ಕ್ಯಾಲ್ಸಿಯಂ, 800 ಗ್ರಾಂ ಮ್ಯಾಗ್ನೀಸಿಯಂ ಹೊಲಕ್ಕೆ ಇಳಿದಂತೆ. ಆ 800 ಗ್ರಾಂ ಮ್ಯಾಗ್ನೀಸಿಯಂ ಸುಮಾರು 8 ಕಿಲೋ ಮ್ಯಾಗ್ನೀಸಿಯಂ ಸಲ್ಫೇಟಿಗೆ ಸಮ. ನೀವು ದುಡ್ಡು ಕೊಟ್ಟು ತಂದು ಹಾಕುವುದಕ್ಕಿಂತ ಹೆಚ್ಚಿನದನ್ನು ಬೋರು ದಿನಾ ಎತ್ತಿ ಹಾಕುತ್ತಿರುತ್ತದೆ.

ನೀರಿನ ಪರೀಕ್ಷೆಯ ಚೀಟಿಯಲ್ಲಿ ಈ ಅಂಕಿಗಳು ಹಲವು ರೂಪದಲ್ಲಿ ಇರುತ್ತವೆ. ಲೀಟರಿಗೆ ಮಿಲಿ ಇಕ್ವಿವಲೆಂಟ್ ಎಂದು ಕೊಟ್ಟಿದ್ದರೆ ಕ್ಯಾಲ್ಸಿಯಂ ಅಂಕಿಯನ್ನು 20ರಿಂದ, ಮ್ಯಾಗ್ನೀಸಿಯಂ ಅಂಕಿಯನ್ನು 12.2ರಿಂದ ಗುಣಿಸಿ, ಉತ್ತರ ಮಿಲಿಗ್ರಾಂನಲ್ಲಿ ಬರುತ್ತದೆ. ಗಡಸುತನ ಎಂದು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಕೊಟ್ಟಿದ್ದರೆ, ಕ್ಯಾಲ್ಸಿಯಂ ಗಡಸುತನವನ್ನು 0.4ರಿಂದ, ಮ್ಯಾಗ್ನೀಸಿಯಂ ಗಡಸುತನವನ್ನು 0.243ರಿಂದ ಗುಣಿಸಬೇಕು. ಒಟ್ಟು ಗಡಸುತನ ಮಾತ್ರ ಇದ್ದರೆ ಯಾವುದು ಎಷ್ಟು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಬರೆದುಕೊಡಲು ಪ್ರಯೋಗಾಲಯದಲ್ಲಿ ಮೊದಲೇ ಕೇಳಿ.

ನಿಮ್ಮ ಹೊಲದಲ್ಲಿ ಸುಣ್ಣ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಒಂದು ಅಡಿ ಆಳದ ಹೆಂಟೆ ತಂದು ಒಣಗಿಸಿ, ಪುಡಿ ಮಾಡಿ ಗಾಜಿನ ಲೋಟಕ್ಕೆ ಎರಡು ಚಮಚ ಹಾಕಿ. ಮೊದಲು ನೀರು ಹನಿಸಿ ತೋಯಿಸಿ, ಇಲ್ಲದಿದ್ದರೆ ಒಣ ಮಣ್ಣಿನೊಳಗಿನ ಗಾಳಿ ಗುಳ್ಳೆಯಾಗಿ ಎದ್ದು ಮೋಸ ಮಾಡುತ್ತದೆ. ಆಮೇಲೆ ವಿನೆಗರ್ ಸುರಿದು ಲೋಟವನ್ನು ಕಿವಿಯ ಹತ್ತಿರ ಹಿಡಿಯಿರಿ. ಸುರ್ರೆಂದು ನೊರೆ ಬಂದರೆ ಬಿಡಿ ಸುಣ್ಣ ಧಾರಾಳವಾಗಿದೆ. ಇಂಥ ಹೊಲಕ್ಕೆ ಸುಣ್ಣವಾಗಲಿ ಡೋಲೋಮೈಟ್ (ಮ್ಯಾಗ್ನೀಸಿಯಂ ಕೂಡ ಇರುವ ಸುಣ್ಣಕಲ್ಲು) ಪುಡಿಯಾಗಲಿ ಹಾಕಿದರೆ ಹೊಲಕ್ಕೆ ಕಲ್ಲು ಹೊತ್ತುಹಾಕಿದಂತೆಯೇ. ಪಿಎಚ್ 8 ದಾಟಿದ ಮಣ್ಣಿನಲ್ಲಿ ಅವು ಕರಗುವುದೇ ಇಲ್ಲ. ಲೋಕಾಪುರ, ಯಾದವಾಡದ ಕಡೆ ನೆಲದಡಿಯಲ್ಲೇ ಸುಣ್ಣಕಲ್ಲು, ಡೋಲೋಮೈಟ್ ಸಿಗುವುದರಿಂದ ಪುಡಿ ಸುಲಭವಾಗಿ ಕೈಗೆ ಬರುತ್ತದೆ ನಿಜ. ಅದರ ಜಾಗ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಕ್ಯಾಲ್ಸಿಯಂ ನೀರಿನ ಜೊತೆ ಹೋಗುತ್ತದೆ, ನೀರು ಹೋದ ಕಡೆಗೇ ಹೋಗುತ್ತದೆ

ಇಷ್ಟು ಇದ್ದೂ ಕಾಯಿಗೆ ಯಾಕೆ ಕೊರತೆ? ಇದನ್ನು ತಿಳಿಯಲು ಶೇಂಗಾ ನೋಡಿದರೆ ಸಾಕು. ಹೂ ಬಿಡುವಾಗ ಎಕರೆಗೆ 200 ಕಿಲೋ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಿ ಬುಡಕ್ಕೆ ಮಣ್ಣೇರಿಸುವುದು ರೈತರಿಗೆ ಹೊಸದೇನಲ್ಲ. ಬೇರಿಗೆ ಬೇಕಾಗುವಷ್ಟು ಕ್ಯಾಲ್ಸಿಯಂ ಮಣ್ಣಿನಲ್ಲಿ ಇದ್ದರೂ ಕಾಯಿಯ ಹತ್ತಿರವೇ ಯಾಕೆ ಹಾಕಬೇಕು? ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆ. ನೆಲದೊಳಗಿನ ಕಾಯಿ ನೀರನ್ನು ಆವಿ ಮಾಡುವುದಿಲ್ಲ, ಆದ್ದರಿಂದ ಅತ್ತ ಕ್ಯಾಲ್ಸಿಯಂ ಹರಿಯುವುದಿಲ್ಲ. ಕಾಯಿ ತನಗೆ ಬೇಕಾದುದನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. ಸಿಗದಿದ್ದರೆ ಜೊಳ್ಳು ಕಾಯಿ.

ಟೊಮ್ಯಾಟೊ, ಢಬ್ಬು ಮೆಣಸಿನಕಾಯಿ, ದಾಳಿಂಬೆ, ದ್ರಾಕ್ಷಿ ಎಲ್ಲದರಲ್ಲೂ ಇದೇ ನಿಯಮ. ಬೇರು ಎಳೆದ ನೀರಿನ ಬೆನ್ನ ಮೇಲೆ ಕ್ಯಾಲ್ಸಿಯಂ ಏರುತ್ತದೆ. ಎಲೆ ದಿನವಿಡೀ ನೀರು ಆವಿ ಮಾಡುತ್ತದೆ, ಹಾಗಾಗಿ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂರುತ್ತದೆ. ಮೇಣದ ಸಿಪ್ಪೆಯ ಕಾಯಿ ಆವಿ ಮಾಡುವುದು ತೀರ ಕಡಿಮೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಹೊರಟು ಕಾಯಿಗೆ ಬರುವುದಿಲ್ಲ. ಸಾರಜನಕ, ಪೊಟ್ಯಾಷ್, ಮ್ಯಾಗ್ನೀಸಿಯಂ ಹಳೆ ಎಲೆಯಿಂದ ಹೊಸ ಚಿಗುರಿಗೆ ಓಡಾಡುತ್ತವೆ. ಕ್ಯಾಲ್ಸಿಯಂಗೆ ಆ ಹಿಂದಿರುಗುವ ದಾರಿ ಇಲ್ಲ. ಅದಕ್ಕೇ ಕ್ಯಾಲ್ಸಿಯಂ ಕೊರತೆ ಕಾಣುವುದು ಯಾವಾಗಲೂ ತುದಿಯಲ್ಲಿ: ಎಳೆ ಚಿಗುರು, ಬೇರಿನ ತುದಿ, ಕಾಯಿಯ ತುದಿ.

ಗಿಡದೊಳಗೆ ಅದರ ಮುಖ್ಯ ಕೆಲಸ ಗೋಡೆಯ ಇಟ್ಟಂಗಿಗಳ ನಡುವಿನ ಗಾರೆಯದು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪೆಕ್ಟಿನ್ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಕಾಯಿ ಬೇಗ ಬೇಗ ಹಿಗ್ಗುವ ದಿನಗಳಲ್ಲಿ ಗಾರೆ ಸಾಲದೆ ಬಂದರೆ ತುದಿಯ ಕೋಶಗಳು ಒಡೆದು ಸೋರುತ್ತವೆ. ಮೊದಲು ಬೆರಳ ಉಗುರಿನಷ್ಟು ಜಾಗ ನೀರು ಹತ್ತಿದಂತೆ ಕಾಣುತ್ತದೆ. ಎರಡು ಮೂರು ದಿನಕ್ಕೆ ಅದು ಕುಗ್ಗಿ, ಒಣ ತೊಗಲಿನ ಬಣ್ಣಕ್ಕೆ ತಿರುಗಿ ಚಪ್ಪಟೆಯಾಗುತ್ತದೆ. ಕಪ್ಪು ಬೂಸ್ಟು ಬರುವುದು ಆಮೇಲೆ, ಸತ್ತ ಜಾಗದ ಮೇಲೆ. ಬೂಸ್ಟು ನೋಡಿ ಶಿಲೀಂಧ್ರ ರೋಗವೆಂದು ಎಣ್ಣೆ (ಔಷಧ) ಹೊಡೆಯುವವರು ಬಹಳ. ಅದು ರೋಗವಲ್ಲ, ಒಂದು ಕಾಯಿಯಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಕಲೆ ಇಂದು ಕಂಡಿತೆಂದರೆ ಕೊರತೆ ಆದದ್ದು ಅದಕ್ಕೂ ಮುಂಚೆ, ಕಾಯಿ ಎಳೆಯದಾಗಿದ್ದಾಗ. ಹಾಗಾಗಿ ಕಲೆ ಬಿದ್ದ ಕಾಯಿಗೆ ಏನು ಹೊಡೆದರೂ ವಾಸಿಯಾಗುವುದಿಲ್ಲ. ಕಿತ್ತು ಹಾಕಿ, ಗಿಡ ಹೊಸ ಕಾಯಿಗಾದರೂ ಬಲ ಕೊಡಲಿ.

ಎರಿ ಮಣ್ಣು ಇಲ್ಲಿ ತನ್ನದೇ ತೊಡಕು ತರುತ್ತದೆ. ಕ್ಯಾಲ್ಸಿಯಂ ಹೀರುವುದು ಎಳೆಯ ಬಿಳಿ ಬೇರಿನ ತುದಿ ಮಾತ್ರ. ಬಲಿತು ಕಂದಾದ ಬೇರು ನೀರು ಸಾಗಿಸುತ್ತದೆ, ಕ್ಯಾಲ್ಸಿಯಂ ಅಷ್ಟಾಗಿ ಒಳಗೆ ಬಿಡುವುದಿಲ್ಲ. ನಾಲ್ಕು ದಿನ ನೀರು ತಪ್ಪಿಸಿದರೆ ಎರಿ ನೆಲ ಬಿರಿಯುತ್ತದೆ, ಬಿರುಕಿನಲ್ಲಿ ಆ ಬಿಳಿ ಬೇರುಗಳು ಹರಿದು ಹೋಗುತ್ತವೆ. ಆಮೇಲೆ ಕಸರು ತೀರಿಸಲು ಒಂದೇ ಸಲ ಎಂಟು ತಾಸು ನೀರು ಬಿಟ್ಟರೆ ಮಣ್ಣು ಉಬ್ಬಿ, ಗಾಳಿ ಹೊರಬಿದ್ದು, ಉಳಿದ ಬೇರು ಉಸಿರುಗಟ್ಟುತ್ತದೆ. ಎರಡೂ ಕಡೆಯಿಂದ ಹೊಡೆತ. ಐದು ಟನ್ ಕ್ಯಾಲ್ಸಿಯಂ ಮಣ್ಣಿನಲ್ಲಿ ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವ ಬಾಯಿಯೇ ಇರುವುದಿಲ್ಲ.

ದಾಳಿಂಬೆ ಬಿರಿಯುವುದರಲ್ಲೂ ಮೊದಲ ಆರೋಪಿ ಇದೇ. ನೀರಿನ ಕೊರತೆಯಲ್ಲಿ ಸಿಪ್ಪೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಅಡ್ಡ ಮಳೆ ಬಂದರೆ ಅಥವಾ ನೀರು ಹೆಚ್ಚು ಬಿಟ್ಟರೆ ಒಳಗಿನ ಕಾಳು ಉಬ್ಬಿ ಸಿಪ್ಪೆ ಸೀಳುತ್ತದೆ. ಹಗಲು ರಾತ್ರಿಯ ತಾಪಮಾನದ ಅಂತರವೂ ಸೇರುತ್ತದೆ. ಕ್ಯಾಲ್ಸಿಯಂ ಮತ್ತು ಬೋರಾನ್ ಸಿಪ್ಪೆಯನ್ನು ಗಟ್ಟಿ ಮಾಡಿ ನೆರವಾಗುತ್ತವೆ. ನೀರು ಏರುಪೇರಾಗಿದ್ದರೆ ಅವೆರಡೂ ಸೋಲುತ್ತವೆ. ಯಾವ ಬಹಾರ್ (ಹೂ ಬಿಡಿಸುವ ಹಂಗಾಮು) ಹಿಡಿದಿದ್ದರೂ ಕಾಯಿ ಲಿಂಬೆಹಣ್ಣಿನ ಗಾತ್ರಕ್ಕೆ ಬಂದಾಗಿನಿಂದ ಕೊಯ್ಲಿನವರೆಗೆ ದಿನಾ ಅಥವಾ ದಿನ ಬಿಟ್ಟು ದಿನ ಅಳತೆಯ ನೀರು, ಬುಡಕ್ಕೆ ಕಬ್ಬಿನ ರವದಿಯ ಹೊದಿಕೆ: ಬಿರಿತ ತಡೆಯಲು ಯಾವ ಬಾಟಲಿಗಿಂತ ಇವು ಮೇಲು.

ಇನ್ನೆರಡು ಕಾರಣ ಚುಟುಕಾಗಿ. ಯೂರಿಯಾ, ಅಮೋನಿಯಂ ಗೊಬ್ಬರ ಒಮ್ಮೆಲೇ ಹೆಚ್ಚಾದರೆ ಅಮೋನಿಯಂ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಜಗಳವಾಡುತ್ತದೆ. ಜೊತೆಗೆ ಎಲೆ ಸೊಕ್ಕಿ ನೀರನ್ನೆಲ್ಲ ತನ್ನತ್ತ ಎಳೆಯುತ್ತದೆ. ಸವುಳು ನೀರಾದರೆ ಉಪ್ಪಿನ ಎಳೆತಕ್ಕೆ ಬೇರು ನೀರು ಹೀರುವುದೇ ಕಡಿಮೆಯಾಗುತ್ತದೆ, ಸೋಡಿಯಂ ಬೇರೆ ಅಡ್ಡ ನಿಲ್ಲುತ್ತದೆ.

ಮ್ಯಾಗ್ನೀಸಿಯಂ: ಹಳೆ ಎಲೆ ನೋಡಿ, ಹೊಸ ಎಲೆ ಅಲ್ಲ

ಎಲೆಯ ಹಸಿರಿನ ನಡುಮಧ್ಯೆ ಕೂತಿರುವುದು ಮ್ಯಾಗ್ನೀಸಿಯಂ. ಸಾಲದೆ ಬಂದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಆದ್ದರಿಂದ ಹಳದಿ ಮೊದಲು ಕಾಣುವುದು ಕೆಳಗಿನ ಎಲೆಯಲ್ಲಿ, ನರಗಳ ನಡುವೆ. ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇಂಡಿಯ ಲಿಂಬೆ ತೋಟದಲ್ಲಿ ಇದನ್ನು ಗುರುತಿಸುವುದು ಬಲು ಸುಲಭ. ಬಲಿತ ಎಲೆ ಕಿತ್ತು ಅಂಗೈ ಮೇಲಿಟ್ಟು ನೋಡಿ: ಅಂಚು, ತುದಿ ಎಲ್ಲ ಹಳದಿ, ತೊಟ್ಟಿನ ಕಡೆ ಮಾತ್ರ ಒಂದು ಹಸಿರು ತ್ರಿಕೋನ, ಅದರ ಚೂಪು ಎಲೆಯ ತುದಿಯತ್ತ. ದ್ರಾಕ್ಷಿಯಲ್ಲಿ ಬಳ್ಳಿಯ ಬುಡದ ಎಲೆಗಳಲ್ಲಿ ಅಂಚಿನಿಂದ ಒಳಗೆ ಬೆಣೆ ಹೊಡೆದಂತೆ ಹಳದಿ ನುಗ್ಗುತ್ತದೆ. ಬಿಟಿ ಹತ್ತಿಯಲ್ಲಿ ಕಾಯಿ ತುಂಬುವಾಗ ಎಲೆ ಕೆಂಪಾಗುವುದಕ್ಕೂ ಮ್ಯಾಗ್ನೀಸಿಯಂ ಕೊರತೆ ಒಂದು ಕಾರಣ.

ಈಗ ಎಲ್ಲರೂ ಎಡವುವ ಜಾಗ. ಎರಿ ಹೊಲದಲ್ಲಿ ಹೊಸ ಚಿಗುರು ಹಳದಿಯಾಗಿ, ನರ ಮಾತ್ರ ಸಣ್ಣ ಬಲೆಯಂತೆ ಹಸಿರಾಗಿದ್ದರೆ ಅದು ಮ್ಯಾಗ್ನೀಸಿಯಂ ಅಲ್ಲ, ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಕರಗದೆ ಉಳಿಯುತ್ತದೆ. ಅಂಥ ಗಿಡಕ್ಕೆ ಕ್ಯಾಲ್-ಮ್ಯಾಗ್ ಕೊಡುವುದೆಂದರೆ ಸುಣ್ಣದಿಂದಾದ ತೊಂದರೆಗೆ ಮತ್ತೆ ಕ್ಯಾಲ್ಸಿಯಂ ಸುರಿದಂತೆ. ಅದಕ್ಕೆ ಬೇಕಾದುದು ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲದ ಸಿಂಪಡಣೆ, ಇಲ್ಲವೆ ಬುಡಕ್ಕೆ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ಇಡಿಡಿಎಚ್‌ಎ ರೂಪದ ಕಬ್ಬಿಣ. ಇಡಿಟಿಎ ರೂಪದ್ದು ಇಷ್ಟು ಪಿಎಚ್‌ನಲ್ಲಿ ಬುಡಕ್ಕೆ ಹಾಕಿದರೆ ನಿಲ್ಲುವುದಿಲ್ಲ. ಅಂಚು ಮಾತ್ರ ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್ ಕೊರತೆಯನ್ನೋ ಉಪ್ಪಿನ ಸುಡುವಿಕೆಯನ್ನೋ ಅನುಮಾನಿಸಿ.

ವಿಜಯಪುರದ ದ್ರಾಕ್ಷಿಯಲ್ಲಿ ಮಣ್ಣು, ನೀರು ಎರಡರಲ್ಲೂ ಮ್ಯಾಗ್ನೀಸಿಯಂ ಸಾಕಷ್ಟಿದ್ದೂ ಎಲೆಯಲ್ಲಿ ಕೊರತೆ ಕಾಣುವುದುಂಟು. ಕಾರಣ ಪೊಟ್ಯಾಷ್. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಕಾಳು ದಪ್ಪವಾಗಲಿ, ಸಿಹಿ ಏರಲಿ ಎಂದು 0-0-50 (ಪೊಟ್ಯಾಸಿಯಂ ಸಲ್ಫೇಟ್) ಚೀಲದ ಮೇಲೆ ಚೀಲ ಡ್ರಿಪ್‌ಗೆ ಹೋಗುತ್ತದೆ. ಬೇರಿನಲ್ಲಿ ಪೊಟ್ಯಾಷ್ ಮತ್ತು ಮ್ಯಾಗ್ನೀಸಿಯಂ ಪೈಪೋಟಿಗೆ ಬಿದ್ದಾಗ ಗೆಲ್ಲುವುದು ಪೊಟ್ಯಾಷ್. ತಿಕೋಟಾ ಕಡೆಯ ಗರಸು ನೆಲದಲ್ಲಿ ಇದು ಇನ್ನೂ ಬೇಗ ಕಾಣುತ್ತದೆ, ಆ ಮಣ್ಣಿಗೆ ಹಿಡಿದಿಡುವ ಶಕ್ತಿ ಕಡಿಮೆ. ಮ್ಯಾಗ್ನೀಸಿಯಂ ಹೆಚ್ಚಿಸುವ ಮೊದಲು ಪೊಟ್ಯಾಷ್ ಎಷ್ಟು ಹೋಗಿದೆ ಎಂದು ಲೆಕ್ಕದ ವಹಿ ತೆಗೆದು ನೋಡಿ.

ಊಹೆ ಬೇಡವೆಂದರೆ ಎಲೆ ತೊಟ್ಟಿನ ಪರೀಕ್ಷೆ ಮಾಡಿಸಬೇಕು. ಏಪ್ರಿಲ್ ಚಾಟ್ನಿಯಾದ ಸುಮಾರು 45ನೇ ದಿನಕ್ಕೆ ಐದನೇ ಎಲೆಯ ತೊಟ್ಟು. ಅಕ್ಟೋಬರ್ ಚಾಟ್ನಿಯ ನಂತರ ಹೂ ಪೂರ್ತಿ ಅರಳಿದಾಗ ಗೊಂಚಲಿನ ಎದುರಿನ ಎಲೆಯ ತೊಟ್ಟು. ಪಡದ ಎಲ್ಲ ಕಡೆ ಅಡ್ಡಾಡಿ ಸುಮಾರು 200 ತೊಟ್ಟು ಸೇರಿಸಿ. ಎಲೆಯನ್ನು ಅಲ್ಲೇ ಮುರಿದು ಎಸೆದು ತೊಟ್ಟು ಮಾತ್ರ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತವೆ. ಹಿಂದಿನ ದಿನ ಎಣ್ಣೆ ಹೊಡೆದ ಪಡದಿಂದ ತೆಗೆಯಬೇಡಿ.

ಯಾವುದು, ಎಷ್ಟು, ಯಾವಾಗ

ಅಂಗಡಿಯಲ್ಲಿ ಸಿಗುವ ಸಾದಾ ಗೊಬ್ಬರಗಳೇ ಸಾಕು. ಕ್ಯಾಲ್ಸಿಯಂ ನೈಟ್ರೇಟಿನಲ್ಲಿ 15.5% ಸಾರಜನಕ, 18.8% ಕ್ಯಾಲ್ಸಿಯಂ. ಮ್ಯಾಗ್ನೀಸಿಯಂ ಸಲ್ಫೇಟಿನಲ್ಲಿ ಸುಮಾರು 9.6% ಮ್ಯಾಗ್ನೀಸಿಯಂ, 12% ಗಂಧಕ. ಬಾಟಲಿಯ ಮೇಲೆ ಶೇಕಡಾವಾರು ಎಷ್ಟಿದೆ ಎಂದು ಓದಿ, ಒಂದು ಕಿಲೋ ಕ್ಯಾಲ್ಸಿಯಂಗೆ ಎಷ್ಟು ದುಡ್ಡು ಬಿತ್ತು ಎಂದು ಲೆಕ್ಕ ಹಾಕಿ ಚೀಲದ ಜೊತೆ ಹೋಲಿಸಿ; ಬಾಟಲಿ ಒಯ್ಯಬೇಕೇ ಬೇಡವೇ ಎಂದು ಆಗ ನಿಮಗೇ ಗೊತ್ತಾಗುತ್ತದೆ.

ಮ್ಯಾಗ್ನೀಸಿಯಂ ಕೊರತೆ ಖಚಿತವಾದರೆ ಎಲೆಯ ಮೇಲೆ ಹೊಡೆಯುವುದೇ ಬೇಗನೆ ಫಲ ಕೊಡುವ ದಾರಿ, ಏಕೆಂದರೆ ಅದು ಎಲೆಯಿಂದ ಎಲೆಗೆ ಓಡಾಡುತ್ತದೆ. 1% ದ್ರಾವಣ ಅಂದರೆ ಲೀಟರಿಗೆ 10 ಗ್ರಾಂ. 16 ಲೀಟರ್ ಪಂಪಿಗೆ 160 ಗ್ರಾಂ. ಎಳೆ ಗಿಡಕ್ಕೆ ಇದರ ಅರ್ಧ ಸಾಕು. ಹತ್ತರಿಂದ ಹದಿನೈದು ದಿನ ಬಿಟ್ಟು ಎರಡು ಮೂರು ಸಲ. ಆಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗಲೆಂದು ಕಾಯಬೇಡಿ, ಮೇಲಿನ ಎಲೆಗೆ ಹಳದಿ ಏರುವುದು ನಿಂತರೆ ಗೆದ್ದಂತೆ.

ಕ್ಯಾಲ್ಸಿಯಂ ಸಿಂಪಡಣೆಯ ಗುಣ ಬೇರೆ. ಬಿದ್ದ ಜಾಗದಲ್ಲೇ ಉಳಿಯುತ್ತದೆ, ಎಲೆಗೆ ಬಿದ್ದದ್ದು ಕಾಯಿಗೆ ಇಳಿಯುವುದಿಲ್ಲ. ಆದ್ದರಿಂದ ನಳಿಕೆ ಕಾಯಿಯತ್ತ ಇರಬೇಕು, ಕಾಯಿಯೇ ತೋಯಬೇಕು. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 16 ಲೀಟರಿಗೆ 80 ಗ್ರಾಂ. ಬೇಸಿಗೆಯಲ್ಲಿ 3 ಗ್ರಾಂ ದಾಟಬೇಡಿ. ಕಾಯಿ ಬಟಾಣಿ ಗಾತ್ರವಿದ್ದಾಗಿನಿಂದ ಶುರು ಮಾಡಿ. ದ್ರಾಕ್ಷಿಯಲ್ಲಿ ಕಾಳು ಮೆತ್ತಗಾಗಿ ನೀರಿಳಿಯುವ ಮುಂಚೆಯೇ ಮುಗಿಸಬೇಕು. ಆ ಹಂತ ದಾಟಿದ ಮೇಲೆ ಬೇರಿನಿಂದ ಕಾಳಿಗೆ ಹೋಗುವ ಕ್ಯಾಲ್ಸಿಯಂ ಬಹಳ ಮಟ್ಟಿಗೆ ನಿಲ್ಲುತ್ತದೆ, ತಡವಾಗಿ ಬಿಟ್ಟ ನೈಟ್ರೇಟ್ ಬಳ್ಳಿಗೆ ಮತ್ತೆ ಚಿಗುರು ತರಿಸಿ ಹಣ್ಣಾಗುವುದನ್ನು ಮುಂದೂಡುತ್ತದೆ. ತಡವಾದ ಸಿಂಪಡಣೆ ಕಾಳಿನ ಮೇಲೆ ಬಿಳಿ ಕಲೆಯನ್ನೂ ಉಳಿಸುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ, ಆದರೆ ನಮ್ಮ ಬಿಸಿಲಿಗೆ ಎಲೆ ಸುಡುತ್ತದೆ. ಅದನ್ನು ಹೊಡೆಯಿರಿ ಎಂದು ನಾವು ಹೇಳುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಿರಿ, ಬೋರ್ಡೊ ದ್ರಾವಣದ ಜೊತೆ ಬೆರೆಸಬೇಡಿ.

ನೀರಿನಲ್ಲಿ ಬೈಕಾರ್ಬೊನೇಟ್, ಸೋಡಿಯಂ ಎರಡೂ ಹೆಚ್ಚಿದ್ದರೆ ಕ್ಯಾಲ್ಸಿಯಂ ಮಣ್ಣಿನಲ್ಲಿ ಸುಣ್ಣವಾಗಿ ಕೂತು ಸೋಡಿಯಂ ಗೆಲ್ಲುತ್ತದೆ. ಮೇಲ್ಮಣ್ಣು ಕಟ್ಟಿಗೆಯಂತೆ ಗಟ್ಟಿಯಾಗಿ ನೀರು ಇಂಗದೆ ನಿಲ್ಲುತ್ತದೆ. ಅಲ್ಲಿ ಬೇಕಾದುದು ಜಿಪ್ಸಂ, ಮಣ್ಣಿನ ಪರೀಕ್ಷೆ ಹೇಳಿದ ಪ್ರಮಾಣದಲ್ಲಿ, ಬಸಿಗಾಲುವೆ ಸರಿ ಮಾಡಿಕೊಂಡ ಮೇಲೆ.

ಇನ್ನು ಡೋಲೋಮೈಟಿನ ನಿಜವಾದ ಜಾಗ. ಖಾನಾಪುರ ಮತ್ತು ಬೆಳಗಾವಿಯ ಪಶ್ಚಿಮದ ಕೆಂಪು ನೆಲದಲ್ಲಿ ಮಳೆ ಹೆಚ್ಚು, ಮಣ್ಣು ಹುಳಿ. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಎರಡೂ ಮಳೆಯಲ್ಲಿ ತೊಳೆದುಹೋಗಿರುತ್ತವೆ. ಪಿಎಚ್ 6ಕ್ಕಿಂತ ಕೆಳಗಿದ್ದರೆ ಡೋಲೋಮೈಟ್ ಪುಡಿ ಅಲ್ಲಿ ಎರಡನ್ನೂ ಕೊಟ್ಟು ಹುಳಿಯನ್ನೂ ತಗ್ಗಿಸುತ್ತದೆ. ಪುಡಿ ನುಣ್ಣಗಿದ್ದಷ್ಟೂ ಬೇಗ ಕರಗುತ್ತದೆ; ಬಿತ್ತನೆಗೆ ಒಂದು ತಿಂಗಳಾದರೂ ಮುಂಚೆ ಮಣ್ಣಿನಲ್ಲಿ ಬೆರೆಸಿರಬೇಕು.

ಒಂದೇ ಬ್ಯಾರಲ್‌ನಲ್ಲಿ ಕಲಸಿದರೆ

ಎರಡು ಗಾಜಿನ ಲೋಟದಲ್ಲಿ ನೂರು ನೂರು ಮಿ.ಲೀ. ನೀರು ತೆಗೆದುಕೊಳ್ಳಿ. ಒಂದಕ್ಕೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದಕ್ಕೆ 5 ಗ್ರಾಂ ಮ್ಯಾಗ್ನೀಸಿಯಂ ಸಲ್ಫೇಟ್ ಕರಗಿಸಿ. ಎರಡೂ ತಿಳಿಯಾಗುವವರೆಗೆ ಕಾಯಿರಿ. ನೈಟ್ರೇಟ್ ಕರಗುವಾಗ ಲೋಟ ಕೈಗೆ ತಣ್ಣಗಾಗುತ್ತದೆ. ಈಗ ಒಂದನ್ನು ಇನ್ನೊಂದಕ್ಕೆ ಸುರಿಯಿರಿ. ಕೆಲವೇ ನಿಮಿಷಕ್ಕೆ ಲೋಟ ಮಸುಕಾಗಿ, ಬೆಳ್ಳಗಾಗಿ, ತಳದಲ್ಲಿ ಸಣ್ಣ ಹರಳು ಕೂರುತ್ತದೆ. ಅದು ಜಿಪ್ಸಂ. ಗೊಬ್ಬರದ ಬ್ಯಾರಲ್‌ನಲ್ಲಿ ಆಗುವುದೂ ಇದೇ, ಅಲ್ಲಿಂದ ಅದು ಫಿಲ್ಟರಿಗೆ, ಡ್ರಿಪ್ಪರಿನ ಬಾಯಿಗೆ ಹೋಗಿ ಕೂರುತ್ತದೆ. 0-0-50 ಕೂಡ ಸಲ್ಫೇಟೇ, ಅದಕ್ಕೂ ಇದೇ ಮಾತು. ಫಾಸ್ಫೇಟ್ ಗೊಬ್ಬರಗಳಾದ 12-61-0, 0-52-34, ಹಾಗೂ ಫಾಸ್ಫರಿಕ್ ಆಮ್ಲ ಇವುಗಳ ಜೊತೆ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗುತ್ತದೆ.

ಜಿಪ್ಸಂ ಲೀಟರ್ ನೀರಿಗೆ ಸುಮಾರು 2.4 ಗ್ರಾಂ ಕರಗುತ್ತದೆ. ಅದಕ್ಕೇ ಗಿಡದ ಬುಡಕ್ಕೆ ಬರುವ ತೆಳು ನೀರಿನಲ್ಲಿ ಇವೆರಡೂ ಒಟ್ಟಿಗಿದ್ದರೂ ಕೂರುವುದಿಲ್ಲ. ಗಟ್ಟಿ ದ್ರಾವಣದ ಬ್ಯಾರಲ್‌ನಲ್ಲೇ ತೊಂದರೆ. ಎರಡು ಬ್ಯಾರಲ್ ಇಡಿ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ, ಬೇಕಿದ್ದರೆ ಪೊಟ್ಯಾಸಿಯಂ ನೈಟ್ರೇಟ್ ಸೇರಲಿ. ಇನ್ನೊಂದರಲ್ಲಿ ಸಲ್ಫೇಟ್, ಫಾಸ್ಫೇಟ್. ವೆಂಚುರಿ (ಗೊಬ್ಬರದ ನೀರನ್ನು ಡ್ರಿಪ್ ಪೈಪಿಗೆ ಎಳೆಯುವ ಸಾಧನ) ಒಂದೇ ಇದ್ದರೆ ಒಂದು ದಿನ ಒಂದು, ಮತ್ತೊಂದು ದಿನ ಇನ್ನೊಂದು; ನಡುವೆ ಅರ್ಧ ತಾಸು ಬರೀ ನೀರು ಹರಿಯಲಿ.

ಡ್ರಿಪ್ಪರ್ ಈಗಾಗಲೇ ಕಟ್ಟಿದ್ದರೆ ಒಂದನ್ನು ಬಿಚ್ಚಿ, ಒಳಗಿನ ಬಿಳಿ ಪುಡಿ ಕೆರೆದು ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ. ನೊರೆ ಬಂದು ಕರಗಿದರೆ ಬೋರಿನ ನೀರಿನ ಸುಣ್ಣ. ಆಮ್ಲ ಬಿಟ್ಟು ತೊಳೆದರೆ ಹೋಗುತ್ತದೆ. ನೊರೆಯಿಲ್ಲದೆ ಕರಗಿದರೆ ಫಾಸ್ಫೇಟ್. ಕರಗದೆ ಹಾಗೇ ಉಳಿದರೆ ಜಿಪ್ಸಂ. ಅದಕ್ಕೆ ಆಮ್ಲ ನಾಟುವುದಿಲ್ಲ, ಲ್ಯಾಟರಲ್ (ಡ್ರಿಪ್ಪರ್ ಇರುವ ಪೈಪು) ಬದಲಿಸುವ ಖರ್ಚೇ ಗತಿ. ಆಮ್ಲವನ್ನು ಯಾವಾಗಲೂ ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಕೈಗವಸು, ಕನ್ನಡಕ ಬಿಟ್ಟು ಮುಟ್ಟಬೇಡಿ.

ಪಾಲಿಹೌಸ್, ಕೋಕೋಪೀಟ್ ಮತ್ತು ಹೊಂಡದ ನೀರು

ಕ್ಯಾಲ್-ಮ್ಯಾಗ್ ಮಾತು ನಿಜವಾಗಿ ಹೊಂದುವುದು ಇಲ್ಲಿ. ಹೊಸ ಕೋಕೋಪೀಟನ್ನು ಮೊದಲು ಬರೀ ನೀರಿನಲ್ಲಿ ತೊಳೆದು ಉಪ್ಪು ಇಳಿಸಿ. ಆಮೇಲೆ 5 ಕಿಲೋ ಇಟ್ಟಿಗೆಗೆ ಸುಮಾರು 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆಯಿರಿ. ಇದನ್ನು ಬಿಟ್ಟರೆ ಮೊದಲ ವಾರಗಳಲ್ಲಿ ನೀವು ಕೊಟ್ಟ ಕ್ಯಾಲ್ಸಿಯಂ ಗಿಡಕ್ಕೆ ಹೋಗದೆ ನಾರಿಗೆ ಹೋಗುತ್ತದೆ.

ಢಬ್ಬು ಮೆಣಸಿನಕಾಯಿಗೆ ಬುಡಕ್ಕೆ ಹೋಗುವ ನೀರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಕ್ಯಾಲ್ಸಿಯಂ, 45 ಮಿಲಿಗ್ರಾಂ ಮ್ಯಾಗ್ನೀಸಿಯಂ ಗುರಿ ಇಟ್ಟುಕೊಳ್ಳೋಣ. ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ 188 ಮಿಲಿಗ್ರಾಂ ಕ್ಯಾಲ್ಸಿಯಂ, 1 ಗ್ರಾಂ ಮ್ಯಾಗ್ನೀಸಿಯಂ ಸಲ್ಫೇಟಿಗೆ 96 ಮಿಲಿಗ್ರಾಂ ಮ್ಯಾಗ್ನೀಸಿಯಂ ಸಿಗುತ್ತದೆ. ಚಾವಣಿಯಿಂದ ಹೊಂಡಕ್ಕೆ ಹಿಡಿದ ಮಳೆನೀರಿನಲ್ಲಿ ಎರಡೂ ಹೆಚ್ಚುಕಡಿಮೆ ಸೊನ್ನೆ. ಆಗ 1,000 ಲೀಟರಿಗೆ 800 ಗ್ರಾಂ ನೈಟ್ರೇಟ್, 470 ಗ್ರಾಂ ಸಲ್ಫೇಟ್ ಬೇಕು. ಬೋರಿನ ನೀರಿನಲ್ಲಿ ಆಗಲೇ 60 ಕ್ಯಾಲ್ಸಿಯಂ, 35 ಮ್ಯಾಗ್ನೀಸಿಯಂ ಇದ್ದರೆ ಕೊಡಬೇಕಾದದ್ದು 90 ಮತ್ತು 10 ಮಾತ್ರ: 480 ಗ್ರಾಂ ನೈಟ್ರೇಟ್, 100 ಗ್ರಾಂ ಸಲ್ಫೇಟ್. ನೈಟ್ರೇಟ್ ಇಳಿಸಿದಾಗ ಸಾರಜನಕವೂ ಇಳಿಯುತ್ತದೆ. 800 ಗ್ರಾಂನಲ್ಲಿ 124 ಗ್ರಾಂ ಸಾರಜನಕ ಇತ್ತು, 480ರಲ್ಲಿ 74 ಗ್ರಾಂ. ಆ ಕೊರತೆಯನ್ನು ಯೂರಿಯಾದಿಂದ ತುಂಬಬೇಡಿ, ಪೊಟ್ಯಾಸಿಯಂ ನೈಟ್ರೇಟಿನಿಂದ ಸರಿದೂಗಿಸಿ.

ಪಾಲಿಹೌಸಿನೊಳಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಪಕ್ಕದ ಪರದೆ ಇಳಿಸಿಟ್ಟರೆ ಒಳಗೆ ತೇವ ತುಂಬಿ ಎಲೆ ನೀರು ಆವಿ ಮಾಡುವುದನ್ನೇ ನಿಲ್ಲಿಸುತ್ತದೆ, ಕ್ಯಾಲ್ಸಿಯಂ ಏರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಒಣ ಗಾಳಿ ಹೊಡೆದರೆ ಎಲೆಯೇ ನೀರೆಲ್ಲ ಎಳೆದು ಕಾಯಿಗೆ ಉಳಿಸುವುದಿಲ್ಲ. ಮಳೆಗಾಲದಲ್ಲಿ ಪರದೆ ಎತ್ತಿ ಗಾಳಿ ಆಡಲು ಬಿಡಿ. ಬೇಸಿಗೆಯಲ್ಲಿ ನೆರಳುಬಲೆ ಎಳೆದು, ನೀರನ್ನು ದಿನಕ್ಕೆ ಎರಡು ಸಲದ ಬದಲು ಆರೆಂಟು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಿ.

ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೊಂಡದ ನೀರು ಮುಗಿದು ಬೋರಿಗೆ ಬದಲಾಯಿಸುವಾಗ ಹಳೆ ಪ್ರಮಾಣವನ್ನೇ ಮುಂದುವರಿಸಿದರೆ ಉಪ್ಪು ಒಮ್ಮೆಲೇ ಏರಿ, ಹತ್ತು ಹದಿನೈದು ದಿನಕ್ಕೆ ಕಾಯಿಯ ತುದಿ ಮತ್ತೆ ಕಪ್ಪಾಗುತ್ತದೆ. ಆ ದಿನ ಬೆಳಿಗ್ಗೆಯೇ ಬೋರಿನ ನೀರಿನ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಅಳೆದು, ಬ್ಯಾರಲ್‌ಗಳ ಮೇಲೆ ಬರೆದ ಗ್ರಾಂ ಲೆಕ್ಕ ಅಳಿಸಿ ಹೊಸದನ್ನು ಬರೆಯಿರಿ. ಬಿಚ್ಚಿದ ನೈಟ್ರೇಟ್ ಚೀಲದ ಬಾಯನ್ನು ಒಳಚೀಲ ಸಮೇತ ಬಿಗಿಯಾಗಿ ಕಟ್ಟಿಡಿ. ಗಾಳಿಯ ತೇವ ಹೀರಿ ಎರಡೇ ದಿನಕ್ಕೆ ಪಾಕವಾಗುತ್ತದೆ, ಪಾಕವಾದುದನ್ನು ತೂಗಿ ಹಾಕಿದರೆ ಮೇಲಿನ ಯಾವ ಲೆಕ್ಕವೂ ಕೂಡುವುದಿಲ್ಲ.